ಅಜ್ಜಿಯ ಸತ್ಯವೇದವನ್ನು ಮರಳಿ ಹೊಲಿದ ಕೆಲಸದ ದಾಖಲೆ

ಬೆಟಗೇರಿಯ ನಮ್ಮ ಮನೆಯಲ್ಲಿ ಅಜ್ಜಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ದಿನವೂ ಓದಿದ ಕನ್ನಡ ಸತ್ಯವೇದದ (ಬೈಬಲಿನ) ದುರಸ್ತಿ ಮುಗಿಯುವ ಹಂತಕ್ಕೆ ಬಂದಿದೆ. ಅಜ್ಜಿ ತೀರಿಕೊಂಡ ಮೇಲೆ ಪುಸ್ತಕವನ್ನು ಮತ್ತೆ ಕೈಯಲ್ಲಿ ಹಿಡಿದು ಓದಲು ಬರುವಂತೆ ಮಾಡಿಕೊಡುವ ಹೊಣೆಯನ್ನು ಅಜ್ಜಿಯ ಮಗಳಾದ ಅತ್ತೆ ನನಗೆ ವಹಿಸಿದರು. ನಾನು ಕಚೇರಿಯ ದಾಖಲೆ ಪುಸ್ತಕಗಳನ್ನು ಬೈಂಡ್ ಮಾಡುವುದನ್ನು ಹಿರಿಯರೊಬ್ಬರಿಂದ ಕಲಿತಿದ್ದೇನೆ. ಆದರೆ ಇಷ್ಟು ದಪ್ಪದ, ಇಷ್ಟು ತೆಳು ಕಾಗದದ ಪುಸ್ತಕವನ್ನು ಬಿಚ್ಚಿ ಕಟ್ಟಿದ್ದು ಇದೇ ಮೊದಲು. ಇಂಥ ಪುಸ್ತಕಗಳು ನಮ್ಮ ಕಡೆಯ ಹಲವು ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ ಇರುವುದರಿಂದ, ಮಾಡಿದ್ದನ್ನೂ ಕೆಟ್ಟದ್ದನ್ನೂ ಅನುಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಬೈಂಡಿಂಗ್ ಅಂಗಡಿಯಲ್ಲಿ ವಿಚಾರಿಸಿದ್ದೆ. 450 ರೂಪಾಯಿಗೆ ಹೊಸ ರೆಕ್ಸಿನ್ ಹೊದಿಕೆ, ಬದಿಯಿಂದ ದಬ್ಬಳದ ಹೊಲಿಗೆ, ಮೂರೂ ಅಂಚುಗಳನ್ನು ಯಂತ್ರದಲ್ಲಿ ಕತ್ತರಿಸಿ ನೇರ ಮಾಡುವುದು ಎಂದು ಹೇಳಿದರು. ಅವರ ದರದಲ್ಲಿ ತಪ್ಪಿಲ್ಲ, ಲೆಡ್ಜರ್ ಪುಸ್ತಕಕ್ಕೆ ಆ ವಿಧಾನವೂ ಸರಿಯೇ. ಆದರೆ ಅಜ್ಜಿ ಸೀಸದ ಕಡ್ಡಿಯಿಂದ ಹಾಕಿದ ಗುರುತುಗಳೆಲ್ಲ ಪುಟದ ಹೊರ ಅಂಚಿನಲ್ಲಿಯೇ ಇವೆ. 3 ಮಿ.ಮೀ. ಕತ್ತರಿಸಿದರೂ ಅವುಗಳಲ್ಲಿ ಅರ್ಧ ಹೋಗುತ್ತಿದ್ದವು. ಆದ್ದರಿಂದ ಕೆಲಸವನ್ನು ಮನೆಯಲ್ಲಿಯೇ ಮಾಡಲು ನಿಶ್ಚಯಿಸಿದೆ.

ಹಂತ 1: ಬಿಚ್ಚುವ ಮೊದಲಿನ ಸ್ಥಿತಿ

ಪುಟದ ಅಳತೆ 220 × 145 ಮಿ.ಮೀ., ಹೊರ ಅಂಚಿನಲ್ಲಿ ದಪ್ಪ 48 ಮಿ.ಮೀ. ಒಟ್ಟು 44 ಫಾರಂಗಳು (ಒಟ್ಟಿಗೆ ಮಡಚಿ ಮಡಿಕೆಯಲ್ಲಿ ಹೊಲಿಯುವ ಹಾಳೆಗಳ ಕಟ್ಟುಗಳು), ಪ್ರತಿಯೊಂದರಲ್ಲಿ 32 ಪುಟ. ಮುಂದಿನ ರಟ್ಟು ಬೇರ್ಪಟ್ಟಿತ್ತು. ಬೆನ್ನಿನ ಕಪ್ಪು ಬಟ್ಟೆ ಮೇಲ್ಭಾಗದಲ್ಲಿ ಹರಿದು, ‘ಸತ್ಯವೇದವು’ ಎಂಬ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೊನೆಯದು ಅಳಿಸಿತ್ತು. ಸತ್ಯವೇದದ ಮೊದಲ ಭಾಗವಾದ ಆದಿಕಾಂಡದ ಮೊದಲ ಫಾರಂ ಹೊರಬಂದಿತ್ತು. ಕೊನೆಯ ಭಾಗವಾದ ಪ್ರಕಟನೆಯ ಕೊನೆಯ ಎರಡು ಹಾಳೆಗಳು ಮಡಿಕೆಯಲ್ಲಿ ತುಂಡಾಗಿದ್ದವು. ನಡುವೆ, ಕೀರ್ತನೆಗಳು ಇರುವ ಫಾರಂಗಳಲ್ಲಿ, ಮೂಲ ಹೊಲಿಗೆ ಸಂಪೂರ್ಣ ಕಡಿದುಹೋಗಿ ಅದರ ಮೇಲೆ ಬೇರೊಂದು ಹೊಲಿಗೆ ಇತ್ತು. ಹಲವು ಪುಟಗಳಿಗೆ ಸೆಲ್ಲೋಟೇಪ್ ಅಂಟಿಸಲಾಗಿತ್ತು, ಅದು ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೆಲವೆಡೆ ಗುಂಡುಸೂಜಿ ತುಕ್ಕು ಹಿಡಿದು ಕಾಗದವನ್ನು ತಿಂದಿತ್ತು. ಬೆನ್ನಿನ ಒಳಗೆ ಬೆಳ್ಳಿಹುಳದ ಹಾವಳಿ ಸ್ಪಷ್ಟವಾಗಿ ಕಾಣುತ್ತಿತ್ತು.

ಮುಚ್ಚಿಟ್ಟ ಪುಸ್ತಕದ ಹೊರ ಅಂಚನ್ನು ಬೆಳಕಿಗೆ ಹಿಡಿದರೆ ಬೆರಳಿನ ಎಣ್ಣೆಯಿಂದ ಕಪ್ಪಾದ ಪಟ್ಟೆಗಳು ಕಾಣುತ್ತವೆ. ಕೀರ್ತನೆಗಳ ಪಟ್ಟೆ ಅಗಲವಾಗಿದೆ, ಅದು ನಿರೀಕ್ಷಿತವೇ. ಯೆಶಾಯನ ಉತ್ತರಾರ್ಧ, ಯೋಹಾನನ ಸುವಾರ್ತೆ ಅನಂತರ ಬರುತ್ತವೆ. ನಾನು ಊಹಿಸದೆ ಇದ್ದದ್ದು ರೂತಳ ಪುಸ್ತಕ. ನಾಲ್ಕೇ ಅಧ್ಯಾಯಗಳ ಆ ಪುಟ್ಟ ಪುಸ್ತಕದ ಹಾಳೆಗಳ ಕೆಳಮೂಲೆಗಳು ತಿರುವಿ ತಿರುವಿ ಸವೆದು ದುಂಡಗಾಗಿದ್ದವು. ವಿಧವೆಯಾದ ಸೊಸೆ ತನ್ನ ಅತ್ತೆಯನ್ನು ಬಿಟ್ಟುಹೋಗದೆ ಪರಊರಿಗೆ ಬಂದು ಹೊಲದಲ್ಲಿ ತೆನೆ ಆಯುವ ಕಥೆ ಅದು. ಅಜ್ಜನು ಹೋದ ಮೇಲೆ ಅಜ್ಜಿ ತಮ್ಮ ಅತ್ತೆಯನ್ನು ಹದಿನೈದು ವರ್ಷ ನೋಡಿಕೊಂಡರೆಂಬುದು ನನಗೆ ಗೊತ್ತಿತ್ತು. ಆ ವರ್ಷಗಳಲ್ಲಿ ಅವರು ಏನನ್ನು ಓದುತ್ತಿದ್ದರೆಂಬುದು ಈ ಮೂಲೆಗಳಿಂದ ತಿಳಿಯಿತು.

ಪ್ರತಿ ಎರಡು ಪುಟಕ್ಕೊಂದು ಛಾಯಾಚಿತ್ರ ತೆಗೆದು, ಪ್ರತಿ ಫಾರಂನ ಮಡಿಕೆಯ ಒಳಗೆ ಮೃದು ಸೀಸದ ಕಡ್ಡಿಯಿಂದ ಕ್ರಮಸಂಖ್ಯೆ ಬರೆದೆ. ಈ ಕೆಲಸಕ್ಕೆ ಬೇಸರಪಡಬಾರದು. ಮುಂದೆ ಹಾಳೆಗಳು ಬಿಡಿಯಾದಾಗ ಈ ಸಂಖ್ಯೆಯೇ ಆಧಾರ.

ಹಂತ 2: ಪುಟಗಳ ನಡುವೆ ಇದ್ದ ವಸ್ತುಗಳು

ಪುಸ್ತಕದ ಬೆನ್ನು ಒಡೆಯಲು ಅರ್ಧ ಕಾರಣ ಒಳಗೆ ಸೇರಿಸಿಟ್ಟ ವಸ್ತುಗಳು. ಅವುಗಳನ್ನು ತೆಗೆಯುವಾಗ ಯಾವ ಪುಟದ ನಡುವೆ ಯಾವುದಿತ್ತೆಂದು ಒಂದು ವಹಿಯಲ್ಲಿ ಬರೆದು, ಪ್ರತಿಯೊಂದನ್ನು ಬೇರೆ ಬೇರೆ ಲಕೋಟೆಗೆ ಹಾಕಿದೆ. ಗರಿಗಳ ಭಾನುವಾರದಂದು ಚರ್ಚಿನಲ್ಲಿ ಕೊಟ್ಟ ಗರಿಯ ತುಂಡುಗಳು, ಒಣಗಿದ ಬೇವಿನೆಲೆ, ಮದುವೆಯ ಕರೆಯೋಲೆಗಳು, ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಕೂಗಿಕೊಂಡದ್ದಕ್ಕೆ ಕೊಟ್ಟ ರಸೀದಿ, ಊರು ಬಿಟ್ಟುಹೋದ ಮಕ್ಕಳು ಬರೆದ ಇನ್‌ಲ್ಯಾಂಡ್ ಪತ್ರಗಳು. ಮಕ್ಕಳ ಪತ್ರಗಳೆಲ್ಲ 121ನೆಯ ಕೀರ್ತನೆಯ ಬಳಿ ಇದ್ದವು. ಮನೆಯಿಂದ ಯಾರು ಪ್ರಯಾಣಕ್ಕೆ ಹೊರಟರೂ ಹೊಸ್ತಿಲ ಒಳಗೆ ನಿಲ್ಲಿಸಿ ಅಜ್ಜಿ ಓದುತ್ತಿದ್ದದ್ದು ಅದೇ ಕೀರ್ತನೆ. ಬಸ್ಸಿಗೆ ಹೊತ್ತಾಯಿತೆಂದರೂ ಎಂಟು ವಚನ ಮುಗಿಯುವ ತನಕ ಬಿಡುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಸಿಕ್ಕಿದ್ದು ಸಣ್ಣ ಚೀಟಿಗಳು. ಊರವರು ಜರ್ಮನ್ ಆಸ್ಪತ್ರೆ ಎಂದು ಕರೆಯುವ ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಅಜ್ಜಿ ಪ್ರತಿ ಗುರುವಾರ ಮಧ್ಯಾಹ್ನ ಹೋಗುತ್ತಿದ್ದರು. ಸ್ತ್ರೀಯರ ವಾರ್ಡಿನಲ್ಲಿ ಯಾರ ಜೊತೆಗೂ ಬಂದವರಿಲ್ಲವೋ ಅವರ ಹಾಸಿಗೆಯ ಬಳಿ ಕುಳಿತು, ಗಂಜಿ ಕುಡಿಸಿ, ಅವರು ಒಪ್ಪಿದರೆ ಪ್ರಾರ್ಥನೆ ಮಾಡಿ ಬರುತ್ತಿದ್ದರು. ಚೀಟಿಗಳಲ್ಲಿ ಇರುವುದು ಹೆಸರು, ಹಾಸಿಗೆಯ ಸಂಖ್ಯೆ, ಊರು. ಮುಂಡರಗಿ, ರೋಣ, ಶಿರಹಟ್ಟಿ ಕಡೆಯ ಹಳ್ಳಿಗಳ ಹೆಸರುಗಳು ಬಹಳ. ಹೆಸರುಗಳನ್ನು ನೋಡಿದರೆ ಎಲ್ಲ ಜಾತಿ ಮತಗಳವರೂ ಇದ್ದಾರೆ. ಕೆಲವು ಹೆಸರಿನ ಮುಂದೆ ‘ಮನೆಗೆ ಹೋದಳು’ ಎಂದಿದೆ, ಕೆಲವರ ಮುಂದೆ ಬರಿಯ ಒಂದು ಗೆರೆ ಇದೆ. ಇವು ಪರರ ಕಷ್ಟದ ದಾಖಲೆಗಳಾದ್ದರಿಂದ ಛಾಯಾಚಿತ್ರ ತೆಗೆಯಲಿಲ್ಲ. ಒಂದೇ ಲಕೋಟೆಯಲ್ಲಿ ಸೇರಿಸಿ ಮುಚ್ಚಿ ಅತ್ತೆಯ ಕೈಗೆ ಕೊಟ್ಟಿದ್ದೇನೆ.

ಈ ವಸ್ತುಗಳನ್ನು ಮರಳಿ ಪುಸ್ತಕದೊಳಗೆ ಇಡುವುದಿಲ್ಲ. ಇಟ್ಟರೆ ಹೊಸ ಹೊಲಿಗೆಯೂ ಅದೇ ರೀತಿ ಕಡಿಯುತ್ತದೆ. ಗರಿಯ ಒಂದು ತೆಳು ಎಳೆಯನ್ನು ಮಾತ್ರ ಇದ್ದಲ್ಲಿಯೇ ಬಿಟ್ಟಿದ್ದೇನೆ.

ಹಂತ 3: ಹುಳ, ಧೂಳು, ಟೇಪು, ಮೇಣ

ಪುಸ್ತಕವನ್ನು ಎರಡು ಪಾಲಿಥೀನ್ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇರಿಸಿದೆ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬಾರದು. ಒಂದು ದಿನ ಹಾಗೆಯೇ ಬಿಟ್ಟರೆ ತೇವವು ಚೀಲದ ಹೊರಗೆ ಕೂಡುತ್ತದೆ, ಕಾಗದಕ್ಕೆ ತಾಗುವುದಿಲ್ಲ. ಅನಂತರ ಮೃದು ಬಣ್ಣದ ಕುಂಚದಿಂದ ಮಡಿಕೆಯಿಂದ ಹೊರಕ್ಕೆ ಧೂಳು ತೆಗೆದೆ. ಕಾಗದ ಒರೆಸುವ ರಬ್ಬರನ್ನು ತುರಿದು ಪುಡಿ ಮಾಡಿ ಉಜ್ಜುವ ಕ್ರಮವನ್ನು ಖಾಲಿ ಅಂಚುಗಳಲ್ಲಿ ಮಾತ್ರ ಅನುಸರಿಸಿದೆ, ಸೀಸದ ಕಡ್ಡಿಯ ಗುರುತು ಇರುವ ಕಡೆ ಮುಟ್ಟಲಿಲ್ಲ.

ಸೆಲ್ಲೋಟೇಪನ್ನು ಕೂದಲು ಒಣಗಿಸುವ ಯಂತ್ರದಿಂದ ದೂರದಿಂದಲೇ ಹದವಾಗಿ ಬಿಸಿ ಮಾಡಿ, ತೆಳ್ಳಗೆ ಸೀಳಿದ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಬೇಕು. ಅತಿ ಹಳೆಯ ಟೇಪು ಸುಲಭವಾಗಿ ಬರುತ್ತದೆ, ಆದರೆ ಕಂದು ಕಲೆ ಕಾಗದದೊಳಗೆ ಇಳಿದಿರುತ್ತದೆ. ಇತ್ತೀಚಿನ ಟೇಪು ಹಟಮಾರಿ, ಅದರ ಅಂಟನ್ನು ಕ್ರೇಪ್ ರಬ್ಬರಿನ ತುಂಡಿನಿಂದ ಉರುಳಿಸಿ ತೆಗೆದೆ. ಥಿನ್ನರ್ ಬಳಸಿದರೆ ಬೇಗ ಆಗುತ್ತದೆಂದು ಹೇಳಿದವರಿದ್ದರು. ಬೇರೊಂದು ಹಳೆಯ ಪುಸ್ತಕದ ಹಾಳೆಯ ಮೇಲೆ ಪರೀಕ್ಷಿಸಿದಾಗ ಅಂಟು ಕರಗಿ ಅಗಲಕ್ಕೆ ಹರಡಿ, ಮಸಿಯೂ ಮಂಕಾಯಿತು. ಅದನ್ನು ಅಲ್ಲಿಗೇ ಕೈಬಿಟ್ಟೆ.

ಯೆಶಾಯನ 40ನೆಯ ಅಧ್ಯಾಯದ ಪುಟದಲ್ಲಿ ಮೇಣದ ಹನಿಗಳಿದ್ದವು. ಗಡ್ಡೆಯಾಗಿದ್ದುದನ್ನು ಬಿದಿರಿನ ಕಡ್ಡಿಯಿಂದ ತೆಗೆದು, ಹೀರುಕಾಗದದ ನಡುವೆ ಇಟ್ಟು ಸಣ್ಣ ಬಿಸಿಯ ಇಸ್ತ್ರಿ ಆಡಿಸಿದೆ. ಮೇಣ ಬಹುಪಾಲು ಹೋಯಿತು, ಆದರೆ ಆ ಜಾಗಗಳು ಪಾರದರ್ಶಕವಾಗಿಯೇ ಉಳಿದಿವೆ. ಮತ್ತೆ ಬಿಸಿ ಮಾಡಿದರೆ ಕಾಗದ ಗರಿಗರಿಯಾಗುವ ಭಯವಿದ್ದುದರಿಂದ ಅಲ್ಲಿಗೆ ನಿಲ್ಲಿಸಿದೆ.

ಹಂತ 4: ಹಳೆಯ ಹೊಲಿಗೆಯನ್ನು ಬಿಚ್ಚಿದ್ದು

ಬೆನ್ನಿನ ಮೇಲಿದ್ದ ಗಟ್ಟಿ ಅಂಟಿಗೆ ಗಂಜಿಯ ದಪ್ಪ ಲೇಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಮೊಂಡು ಚಾಕುವಿನಿಂದ ಕೆರೆದೆ. ನೀರನ್ನು ನೇರವಾಗಿ ಹಾಕಿದರೆ ಮಡಿಕೆಗಳು ನೆನೆದು ಹರಿಯುತ್ತವೆ. ಗಂಜಿಯು ತೇವವನ್ನು ನಿಧಾನವಾಗಿ ಬಿಡುತ್ತದೆ. ಅಂಟು ಹೋದ ಮೇಲೆ ಕೀರ್ತನೆಗಳ ಭಾಗದಲ್ಲಿದ್ದ ಎರಡನೆಯ ಹೊಲಿಗೆ ಪೂರ್ತಿ ಕಾಣಿಸಿತು.

ಅದು ಅಜ್ಜಿಯ ಕೈ ಹೊಲಿಗೆ. ದಾರ ಬೆಟಗೇರಿಯ ಮಗ್ಗದ ಹಾಸಿನ ನೂಲು, ನಾಲ್ಕೈದು ಎಳೆ ಸೇರಿಸಿ ಹುರಿ ಮಾಡಿದ್ದು. ಅಜ್ಜಿಯ ತವರು ಮನೆಯಲ್ಲಿ ಮಗ್ಗಗಳಿದ್ದವು. ಅವರು ಹುಡುಗಿಯಾಗಿದ್ದಾಗ ಕಂಡಿಕೆ ಸುತ್ತುತ್ತಿದ್ದರು. ಫಾರಂಗಳು ಸಡಿಲವಾದಾಗ ಮನೆಯಲ್ಲಿದ್ದ ನೂಲನ್ನೇ ತೆಗೆದುಕೊಂಡು, ದಬ್ಬಳದಿಂದ ಬದಿಗೆ ಮೂರು ತೂತು ಹಾಕಿ ಬಿಗಿದಿದ್ದಾರೆ. ಹೊಲಿಗೆ ಅಂದವಾಗಿದೆ, ಗಂಟು ಒಳಗೆ ಮರೆಯಾಗಿದೆ. ಆದರೆ ಎರಡು ತೊಂದರೆಗಳಿದ್ದವು. ಬದಿಯ ಹೊಲಿಗೆಯಿಂದ ಪುಸ್ತಕ ಅಲ್ಲಿ ಪೂರ್ತಿ ತೆರೆಯುತ್ತಿರಲಿಲ್ಲ, ತೆರೆಯಲು ಒತ್ತಿದಷ್ಟೂ ತೂತುಗಳಿಂದ ಕಾಗದ ಸೀಳುತ್ತಿತ್ತು. ಎರಡನೆಯದಾಗಿ, ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ. ಬೆಳ್ಳಿಹುಳಕ್ಕೆ ಗಂಜಿಯೆಂದರೆ ಆಹಾರ.

ಇದನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದು ಇಡೀ ಕೆಲಸದಲ್ಲಿ ಅತ್ಯಂತ ಕಠಿಣವಾದ ನಿರ್ಧಾರವಾಗಿತ್ತು. ಅವರ ಬೆರಳು ಕಟ್ಟಿದ ಗಂಟನ್ನು ಕತ್ತರಿಸಲು ನನಗೆ ಮನಸ್ಸಾಗದೆ ಕೆಲಸವನ್ನು ನಿಲ್ಲಿಸಿದ್ದೆ. ಹಾಗೆಯೇ ಉಳಿಸಿ, ಪುಸ್ತಕವನ್ನು ಗಾಜಿನ ಕಪಾಟಿನಲ್ಲಿ ಇಡಬಹುದೇ ಎಂದು ಅತ್ತೆಯನ್ನು ಕೇಳಿದೆ. “ಅವ್ವ ಅದನ್ನ ಓದಾಕಂತ ಹೊಲದಾಳ, ನೋಡಾಕಂತ ಅಲ್ಲಪಾ. ಓದಾಕ ಬರಂಗ ಮಾಡು,” ಎಂದರು. ಆ ಮಾತಿನ ಮೇಲೆ ಮುಂದುವರಿದೆ. ಗಂಟನ್ನು ಕತ್ತರಿಸದೆ, ದಾರವನ್ನು ಒಂದು ತುದಿಯಿಂದ ಎಳೆದು ಇಡಿಯಾಗಿ ಹೊರತೆಗೆದು ಲಕೋಟೆಯಲ್ಲಿ ಇಟ್ಟಿದ್ದೇನೆ.

ಹಾಳೆಗಳು ಬಿಡಿಯಾದಾಗ ಅಂಚಿನ ಗುರುತುಗಳನ್ನು ಸಾಲಾಗಿ ನೋಡಲು ಸಾಧ್ಯವಾಯಿತು. ಸತ್ಯವೇದದಲ್ಲಿ ಒಟ್ಟು 1,189 ಅಧ್ಯಾಯಗಳಿವೆ. ವಾರದ ದಿನಗಳಲ್ಲಿ ಮೂರು, ಭಾನುವಾರ ಐದು ಅಧ್ಯಾಯ ಓದಿದರೆ ವರ್ಷದಲ್ಲಿ ಒಂದು ಸಲ ಮುಗಿಯುತ್ತದೆ. ಅಜ್ಜಿ ಇದನ್ನೇ ಪಾಲಿಸುತ್ತಿದ್ದರು: ಮುಂಜಾನೆ ಒಲೆ ಹಚ್ಚುವ ಮೊದಲು ಒಂದು, ಮಧ್ಯಾಹ್ನ ಒಂದು, ರಾತ್ರಿ ಮನೆಮಂದಿಯ ಪ್ರಾರ್ಥನೆಯಲ್ಲಿ ಒಂದು. ಪ್ರತಿ ಅಧ್ಯಾಯದ ಬಳಿ ಸಣ್ಣ ಚುಕ್ಕೆಗಳ ಸಾಲು ಇದೆ, ವರ್ಷಕ್ಕೊಂದು ಚುಕ್ಕೆ. ಪ್ರಕಟನೆಯ 22ನೆಯ ಅಧ್ಯಾಯ ಮುಗಿದ ಕೆಳಗಿನ ಖಾಲಿ ಜಾಗದಲ್ಲಿ ಇಸವಿಗಳನ್ನು ಒಂದರ ಕೆಳಗೊಂದು ಬರೆದಿದ್ದಾರೆ. 1958ರಿಂದ 2009ರ ತನಕ ಇವೆ. 1983 ಇಲ್ಲ.

ಅಜ್ಜನು ಹಾಸಿಗೆ ಹಿಡಿದದ್ದು ಆ ವರ್ಷ ಎಂದು ಅತ್ತೆ ಹೇಳಿದರು. ಕ್ರಮದ ಓದನ್ನು ಬಿಟ್ಟು ಅಜ್ಜಿ ಅವರಿಗೆ ಕೀರ್ತನೆಗಳನ್ನಷ್ಟೇ ಓದಿ ಹೇಳುತ್ತಿದ್ದರಂತೆ. ಮರಳಿ ನೋಡಿದಾಗ ಹಲವು ಕೀರ್ತನೆಗಳ ಬಳಿ ಚುಕ್ಕೆಗಳ ಸಾಲಿನ ಹೊರಗೆ ಬೇರೆ ಬಣ್ಣದ ಕಡ್ಡಿಯ ಗುರುತುಗಳು ಒತ್ತೊತ್ತಾಗಿ ಇರುವುದು ಕಂಡಿತು. 176 ವಚನಗಳ 119ನೆಯ ಕೀರ್ತನೆಯನ್ನು ಎಂಟೆಂಟು ವಚನಗಳ ಭಾಗಗಳಲ್ಲಿ ಓದಿದ್ದಾರೆ, ಪ್ರತಿ ಭಾಗಕ್ಕೂ ಗುರುತಿದೆ. 2004ರಿಂದ ಚುಕ್ಕೆಗಳು ದಪ್ಪ ಮತ್ತು ವಕ್ರವಾಗಿವೆ. ಅವು ನನ್ನವು. ಕಣ್ಣಿನ ಪೊರೆ ಬೆಳೆದ ಮೇಲೆ ನಾನು ಓದಿ ಹೇಳುತ್ತಿದ್ದೆ, ಚುಕ್ಕೆ ಹಾಕುವ ಕೆಲಸವೂ ನನ್ನದಾಗಿತ್ತು. ವಂಶಾವಳಿಯ ಹೆಸರುಗಳಿರುವ ಅಧ್ಯಾಯಗಳಲ್ಲಿ ಒಂದು ಹೆಸರು ಹಾರಿಸಿದರೂ ಅವರು ಕಣ್ಣು ಮುಚ್ಚಿಕೊಂಡೇ ತಡೆದು ಆ ಹೆಸರನ್ನು ಹೇಳುತ್ತಿದ್ದರು.

ಹಂತ 5: ಅಂಟು

ಮೊದಲು ಮೈದಾ ಹಿಟ್ಟಿನ ಅಂಟು ಮಾಡಿ ಪರೀಕ್ಷೆಯ ಹಾಳೆಗಳ ಮೇಲೆ ಬಳಸಿದೆ. ಒಣಗಿದ ಮೇಲೆ ತೆಳು ಕಾಗದ ಬಿರುಸಾಗಿ ಸುಕ್ಕುಗಟ್ಟಿತು. ನಮ್ಮ ಕಡೆ ಬೈಂಡರುಗಳು ಹುಳ ಬರದಂತೆ ಮೈಲುತುತ್ತವನ್ನು ಬೆರೆಸುವ ರೂಢಿಯಿದೆ. ಹುಳ ಬರುವುದಿಲ್ಲ ಎಂಬುದು ನಿಜ, ಆದರೆ ತಾಮ್ರದ ಅಂಶ ಕಾಲಕ್ರಮದಲ್ಲಿ ಕಾಗದವನ್ನು ಕಂದಾಗಿಸಿ ಪುಡಿ ಮಾಡುತ್ತದೆ. ಆದ್ದರಿಂದ ಅದನ್ನು ಬಳಸಲಿಲ್ಲ.

ಬೇಕಾಗಿರುವುದು ಗೋಧಿಯ ಶುದ್ಧ ಗಂಜಿ, ಅಂದರೆ ಜಿಗುಟು ಅಂಶ ತೆಗೆದದ್ದು. ಅದನ್ನು ತೆಗೆಯುವ ಕ್ರಮ ಉತ್ತರ ಕರ್ನಾಟಕದ ಯಾವ ಅಡುಗೆಮನೆಗೂ ಹೊಸದಲ್ಲ. ಬೇಸಿಗೆಯಲ್ಲಿ ಕುರಡಿಗೆ ಮಾಡಲು ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ ತಿಳಿಯಾಗಲು ಬಿಡುವ ಕ್ರಮವೇ ಇದು. ಮೂರು ದಿನ ನೆನೆಸಿದ ಅರ್ಧ ಕಿಲೋ ಗೋಧಿಯ ಹಾಲನ್ನು ಬಟ್ಟೆಯಲ್ಲಿ ಸೋಸಿ, ಮೇಲಿನ ತಿಳಿನೀರನ್ನು ದಿನಕ್ಕೆ ಎರಡು ಸಲ ಬದಲಿಸಿ, ತಳದಲ್ಲಿ ಕುಳಿತ ಬಿಳಿ ಗಂಜಿಯನ್ನು ಒಣಗಿಸಿದೆ. ಒಂದು ಪಾಲು ಗಂಜಿಗೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಕೈ ಬಿಡದೆ ತಿರುವಬೇಕು. ತಣ್ಣಗಾದ ಮೇಲೆ ಮಲ್ಲು ಬಟ್ಟೆಯಲ್ಲಿ ಎರಡು ಸಲ ಸೋಸಿ, ಮಜ್ಜಿಗೆಯ ಹದಕ್ಕೆ ನೀರು ಸೇರಿಸಿಕೊಂಡೆ. ಇದು ಒಣಗಿದ ಮೇಲೂ ಮೆತ್ತಗಿರುತ್ತದೆ, ಮುಂದೆ ಯಾರಾದರೂ ಬಿಚ್ಚಬೇಕಾದರೆ ನೀರಿನ ತೇವಕ್ಕೆ ಬಿಡುತ್ತದೆ. ಫೆವಿಕಾಲಿಗೆ ಈ ಗುಣವಿಲ್ಲ. ಅದನ್ನು ಹಾಳೆಗಳಿಗೆ ಎಲ್ಲಿಯೂ ಮುಟ್ಟಿಸಲಿಲ್ಲ.

ಹಂತ 6: ಹಾಳೆಗಳ ದುರಸ್ತಿ

ಸೀಳಿದ ಮಡಿಕೆಗಳಿಗೆ ಜಪಾನಿ ತೆಳು ಕಾಗದದ 15 ಮಿ.ಮೀ. ಅಗಲದ ಪಟ್ಟಿಗಳನ್ನು ಬಳಸಿದೆ. ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸದೆ, ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಿಂದ ಹರಿಯಬೇಕು. ಅಂಚಿನ ಎಳೆಗಳು ಚಾಚಿಕೊಂಡರೆ ಅಂಟು ಕಣ್ಣಿಗೆ ಕಾಣುವುದಿಲ್ಲ. ಅಂಟು ಹಚ್ಚಿದ ಹಾಳೆಯ ಎರಡೂ ಬದಿಗೆ ಬೆಣ್ಣೆಕಾಗದ, ಅದರ ಹೊರಗೆ ಹೀರುಕಾಗದ, ಮೇಲೆ ಭಾರ. ಭಾರಕ್ಕೆ ಅಜ್ಜಿಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಬಳಸಿದೆ. ಹಿತ್ತಾಳೆಯದು, ಐದು ಕಿಲೋ ತೂಗುತ್ತದೆ, ತಳ ಸಮತಟ್ಟಾಗಿದೆ. ಶನಿವಾರ ಸಂಜೆ ಚರ್ಚಿನ ಬಲಿಪೀಠದ ಬಿಳಿ ಬಟ್ಟೆಯನ್ನು ಅವರು ಇದರಿಂದಲೇ ಇಸ್ತ್ರಿ ಮಾಡುತ್ತಿದ್ದರು, ಮನೆಯ ಬಟ್ಟೆಗಳ ಸರದಿ ಅನಂತರ.

ರೂತಳ ಪುಸ್ತಕದ ದುಂಡಗಾದ ಮೂಲೆಗಳಿಗೆ ಹೊಸ ಕಾಗದ ಸೇರಿಸಿ ಚೌಕ ಮಾಡುವುದು ಸುಲಭವಾಗಿತ್ತು. ಅಕ್ಷರ ಹೋಗಿಲ್ಲ, ಸೀಳೂ ಇಲ್ಲವಾದ್ದರಿಂದ ಹಾಗೆಯೇ ಬಿಟ್ಟೆ. ಪ್ರಕಟನೆಯ ಕೊನೆಯ ಹಾಳೆಯ ಹಿಂಬದಿಗೆ ಪೂರ್ತಿ ತೆಳು ಕಾಗದ ಅಂಟಿಸಬೇಕಾಯಿತು, ಇಸವಿಗಳು ಮುಂಬದಿಯಲ್ಲಿ ಇರುವುದರಿಂದ ಅವುಗಳಿಗೆ ಧಕ್ಕೆಯಾಗಲಿಲ್ಲ.

ಹಂತ 7: ಹೊಸ ಹೊಲಿಗೆ

ಒಂದು ಮಣೆಯನ್ನು ತಲೆಕೆಳಗು ಮಾಡಿ, ಕಾಲುಗಳ ನಡುವೆ ಕೋಲು ಕಟ್ಟಿ, 12 ಮಿ.ಮೀ. ಅಗಲದ ಮೂರು ಹತ್ತಿಯ ಪಟ್ಟಿಗಳನ್ನು ಬಿಗಿದು ಹೊಲಿಗೆಯ ಚೌಕಟ್ಟು ಮಾಡಿಕೊಂಡೆ. ಪ್ರತಿ ಫಾರಂನ ಮಡಿಕೆಯ ಮೂಲಕ ಸೂಜಿ ಹೋಗಿ, ಹೊರಗೆ ಪಟ್ಟಿಯನ್ನು ಬಳಸಿ, ಮತ್ತೆ ಒಳಗೆ ಬರಬೇಕು. ಕೊನೆಯಲ್ಲಿ ಕೆಳಗಿನ ಫಾರಂಗೆ ಕುಣಿಕೆ ಹಾಕಿ ಮೇಲಕ್ಕೆ ಏರಬೇಕು. ಮೂಲ ಬೈಂಡಿಂಗಿನ ತೂತುಗಳನ್ನೇ ಬಳಸಿದೆ, ಹೊಸ ತೂತು ಹಾಕಲಿಲ್ಲ.

ಮೊದಲ ಹೊಲಿಗೆ ಪೂರ್ತಿ ವ್ಯರ್ಥವಾಯಿತು. ಗಟ್ಟಿಯಾಗಿರಲಿ ಎಂದು 0.8 ಮಿ.ಮೀ. ದಪ್ಪದ ದಾರ ಆರಿಸಿದ್ದೆ. ಪ್ರತಿ ಮಡಿಕೆಯೊಳಗೆ ಒಂದು ದಾರ ಮಲಗುತ್ತದೆ, 44 ಫಾರಂಗಳಲ್ಲಿ ಆ ದಪ್ಪವೆಲ್ಲ ಬೆನ್ನಿಗೆ ಸೇರುತ್ತದೆ, ದುರಸ್ತಿಯ ಪಟ್ಟಿಗಳ ದಪ್ಪವೂ ಅದರ ಜೊತೆಗೆ. ಹೊಲಿದು ಮುಗಿಸಿ ಅಳೆದರೆ ಹೊರ ಅಂಚು 48 ಮಿ.ಮೀ., ಬೆನ್ನು 66 ಮಿ.ಮೀ. ಇತ್ತು. ಎಷ್ಟು ಒತ್ತಿದರೂ ಇಳಿಯಲಿಲ್ಲ. ಅಂಥ ಪುಸ್ತಕಕ್ಕೆ ರಟ್ಟು ಹಾಕಿದರೆ ಬಾಯಿ ಮುಚ್ಚದೆ ವರ್ಷದೊಳಗೆ ಮತ್ತೆ ಕಳಚುತ್ತದೆ. ಎಲ್ಲವನ್ನೂ ಬಿಚ್ಚಿದೆ. ತೆಳು ಪುಸ್ತಕಗಳಿಗೆ ದಪ್ಪ ದಾರ, ದಪ್ಪ ಪುಸ್ತಕಗಳಿಗೆ ತೆಳು ದಾರ ಎಂಬ ಲೆಕ್ಕವನ್ನು ಮೊದಲು ನಾಲ್ಕು ಫಾರಂ ಹೊಲಿದು ಅಳೆದು ನೋಡಿದ್ದರೆ ತಿಳಿಯಬಹುದಿತ್ತು. ಈ ಕೆಲಸ ಮಾಡುವವರು ದಯವಿಟ್ಟು ಹಾಗೆ ಪರೀಕ್ಷಿಸಬೇಕು.

ಎರಡನೆಯ ಸಲ 0.4 ಮಿ.ಮೀ. ಲಿನನ್ ದಾರಕ್ಕೆ ಜೇನುಮೇಣ ಸವರಿ ಹೊಲಿದೆ. ನಾಲ್ಕೈದು ಫಾರಂಗೊಮ್ಮೆ ಮರದ ಪಟ್ಟಿಯಿಂದ ಬೆನ್ನನ್ನು ಒತ್ತಿ ಕೂರಿಸಿದೆ. ಒತ್ತಡದಲ್ಲಿ ಇಟ್ಟು ತೆಗೆದಾಗ ಬೆನ್ನು 55 ಮಿ.ಮೀ. ಇತ್ತು. ಅದನ್ನು ಸ್ವಲ್ಪ ದುಂಡಗೆ ತಟ್ಟಿದಾಗ ಸರಿಹೋಯಿತು. ಈಗ ಕೀರ್ತನೆಗಳಲ್ಲಿ ಪುಸ್ತಕ ತಾನಾಗಿಯೇ ತೆರೆದು ನಿಲ್ಲುತ್ತದೆ, ಕೈಯಿಂದ ಒತ್ತಿ ಹಿಡಿಯಬೇಕಿಲ್ಲ.

ಹಂತ 8: ಕುಟುಂಬದ ಪುಟ

ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವೆ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಬರೆಯುವ ಒಂದು ಹಾಳೆಯಿದೆ. ಒದ್ದೆ ಹತ್ತಿಯ ತುದಿಯನ್ನು ಒಂದು ಅಕ್ಷರದ ಬಾಲಕ್ಕೆ ಮುಟ್ಟಿಸಿದಾಗ ನೀಲಿ ಮಸಿ ಹತ್ತಿಗೆ ಬಂದಿತು. ಅಂದರೆ ಈ ಹಾಳೆಗೆ ನೀರಿನ ಅಂಟು ಸಲ್ಲದು. ಸೀಳನ್ನು ಮುಟ್ಟದೆ, ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ತೆರೆದ ಚೀಲದಲ್ಲಿ ಇರಿಸಿ, ಚೀಲದ ಅಂಚನ್ನು ಮಾತ್ರ ಹೊಲಿಗೆಗೆ ಸೇರಿಸಿದ್ದೇನೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿತು. ಮಂಗಳೂರಿನ ಅವರ ಅಚ್ಚುಕೂಟ ಆರಂಭವಾದದ್ದೂ 1841ರಲ್ಲಿಯೇ. ನಮ್ಮ ಮನೆತನದ ಹೆಸರುಗಳು ಆ ಸಭೆಯ ದಾಖಲೆಗಳಲ್ಲಿ ಎಷ್ಟೇ ಹಿಂದಕ್ಕೆ ಹೋದರೂ, ಅಜ್ಜಿ ಬರೆದಿರುವುದು ತಮ್ಮ 1957ರ ವಿವಾಹದಿಂದ ಮುಂದಿನದನ್ನು. ಈ ಪುಸ್ತಕವೇ ಆ ವಿವಾಹಕ್ಕೆ ಬಂದ ಉಡುಗೊರೆ.

ಐದು ಮಕ್ಕಳ ಹೆಸರುಗಳಿವೆ. ಅವರಲ್ಲಿ ಇಬ್ಬರು ಕೂಸಾಗಿರುವಾಗಲೇ ಹೋದರು. ಮನೆಯಲ್ಲಿ ಅಜ್ಜಿ ಅವರ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಪುಟದಲ್ಲಿ ಮೊದಲನೆಯ ಕೂಸಿನ ಮರಣದ ದಿನದ ಮುಂದೆ ‘2 ಸಮುವೇಲ 12:23’ ಎಂದಿದೆ, ಎರಡನೆಯದರ ಮುಂದೆ ‘ಮತ್ತಾಯ 19:14’ ಎಂದಿದೆ, ಬೇರೆ ಒಂದು ಪದವೂ ಇಲ್ಲ. ಮೊದಲನೆಯದು ಮಗುವನ್ನು ಕಳೆದುಕೊಂಡ ದಾವೀದನು, ತಾನು ಆ ಮಗುವಿನ ಬಳಿಗೆ ಹೋಗುವೆನೇ ಹೊರತು ಅದು ತನ್ನ ಬಳಿಗೆ ಬಾರದೆಂದು ಹೇಳುವ ಮಾತು. ಎರಡನೆಯದು ಮಕ್ಕಳನ್ನು ತನ್ನ ಬಳಿಗೆ ಬಿಡಬೇಕೆಂದು ಯೇಸು ಹೇಳುವ ಮಾತು. ಎರಡು ಮರಣಗಳ ನಡುವೆ ನಾಲ್ಕು ವರ್ಷಗಳ ಅಂತರವಿದೆ. ಒಂದರಿಂದ ಇನ್ನೊಂದಕ್ಕೆ ಅವರು ಬಂದ ದಾರಿಯನ್ನು ನಾನು ವಿವರಿಸಲಾರೆ; ಆದರೆ ಈ ಎರಡು ಅಂಕಿಗಳನ್ನು ಓದಿದ ಮೇಲೆ, ವಾರ್ಡಿನಲ್ಲಿ ಒಂಟಿಯಾಗಿ ಮಲಗಿದ್ದ ತಾಯಂದಿರ ಬಳಿಗೆ ಅವರು ಏಕೆ ಗುರುವಾರ ತಪ್ಪದೆ ಹೋಗುತ್ತಿದ್ದರೆಂದು ನನಗೆ ಅರ್ಥವಾಗಿದೆ.

ಅಜ್ಜಿಯ ಮರಣದ ಸಾಲನ್ನು ಅತ್ತೆ ಬರೆಯಲಿದ್ದಾರೆ. ಮೂಲ ಹಾಳೆಯಲ್ಲಿ ಜಾಗವಿದ್ದರೂ ಮಸಿ ಹರಡುವ ಭಯವಿರುವುದರಿಂದ, ಅದರ ಎದುರಿಗೆ ಒಂದು ಹೊಸ ಹಾಳೆಯನ್ನು ಹೊಲಿದು ಸೇರಿಸಿದ್ದೇನೆ. ಯಾವ ವಚನವನ್ನು ಬರೆಯಬೇಕೆಂಬುದು ಮನೆಯಲ್ಲಿ ಇನ್ನೂ ನಿಶ್ಚಯವಾಗಿಲ್ಲ. ಚಿಕ್ಕಪ್ಪನವರು 23ನೆಯ ಕೀರ್ತನೆ ಎನ್ನುತ್ತಾರೆ, ಅತ್ತೆ ರೂತಳಿಂದ ಒಂದು ವಚನ ಆರಿಸಬೇಕೆನ್ನುತ್ತಾರೆ. ಪುಟಗಳ ಮೂಲೆಗಳನ್ನು ನೋಡಿದ ನಾನು ಅತ್ತೆಯ ಪಕ್ಷ.

ಹಂತ 9: ಬೆನ್ನು, ರಟ್ಟು, ಹೊದಿಕೆ

ಬೆನ್ನಿಗೆ ಮಲ್ಲು ಬಟ್ಟೆ, ಅದರ ಮೇಲೆ ಗಟ್ಟಿ ಕಾಗದದ ಎರಡು ಪದರ. ರಟ್ಟು 2.5 ಮಿ.ಮೀ. ದಪ್ಪದ್ದು, 226 × 148 ಮಿ.ಮೀ. ಅಳತೆಗೆ ಕತ್ತರಿಸಿದೆ; ರಟ್ಟಿನ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಬಾಗುತ್ತದೆ. ಹೊದಿಕೆಗೆ ಅಜ್ಜಿಯ ಕೈಮಗ್ಗದ ಸೀರೆಯೊಂದನ್ನು ಬಳಸೋಣವೆಂದು ತಂಗಿ ಸೂಚಿಸಿದಳು. ಒಂದು ತುಂಡಿಗೆ ಕಾಗದ ಅಂಟಿಸಿ ನೋಡಿದೆ. ನೇಯ್ಗೆ ಸಡಿಲವಾಗಿರುವುದರಿಂದ ಅಂಟು ಹೊರಕ್ಕೆ ಒಸರಿ ಕಲೆಯಾಯಿತು, ಮೂಲೆಯಲ್ಲಿ ಎಳೆಗಳು ಬಿಟ್ಟುಕೊಂಡವು. ಸತ್ಯವೇದಕ್ಕೆ ಕಪ್ಪು ಹೊದಿಕೆಯೇ ಇರಬೇಕೆಂದು ಅಜ್ಜಿಯೂ ಹೇಳುತ್ತಿದ್ದರು. ಆದ್ದರಿಂದ ಕಪ್ಪು ಕ್ಯಾಲಿಕೋ ಬಟ್ಟೆ ಹಾಕಿ, ಹಳೆಯ ಬೆನ್ನಿನಲ್ಲಿ ಉಳಿದಿದ್ದ ಅಕ್ಷರಗಳ ತುಂಡನ್ನು ಅದರ ಮೇಲೆ ಅಂಟಿಸಿದೆ. ಅಳಿಸಿದ ಕೊನೆಯ ಅಕ್ಷರವನ್ನು ಹೊಸದಾಗಿ ಬರೆಯಲಿಲ್ಲ.

ಖರ್ಚು: ಜಪಾನಿ ಕಾಗದ 1,050 ರೂಪಾಯಿ, ಲಿನನ್ ದಾರ 380, ಹೀರುಕಾಗದ 240, ಕ್ಯಾಲಿಕೋ 160, ರಟ್ಟು 90, ಜೇನುಮೇಣ 60. ಒಟ್ಟು 1,980 ರೂಪಾಯಿ. ವ್ಯರ್ಥವಾದ ದಪ್ಪ ದಾರ, ಪಾಲಿಯೆಸ್ಟರ್ ಹಾಳೆ, ಗೋಧಿ ಮನೆಯಲ್ಲಿಯೇ ಇದ್ದವು.

ಉಳಿದಿರುವ ಕೆಲಸ

ಪುಸ್ತಕ ಈಗ ಅತ್ತೆಯ ಮನೆಯಲ್ಲಿದೆ, ಆದಿಕಾಂಡದಿಂದ ಓದಲು ಆರಂಭಿಸಿದ್ದಾರೆ. ಒಳಗೆ ಪತ್ರ, ಎಲೆ, ಗುಂಡುಸೂಜಿ ಇಡಬಾರದೆಂದೂ, ಗುರುತಿಗೆ ತೆಳು ರಿಬ್ಬನ್ ಮಾತ್ರ ಬಳಸಬೇಕೆಂದೂ ಹೇಳಿದ್ದೇನೆ. ಚುಕ್ಕೆ ಹಾಕಲು ಮೃದು ಸೀಸದ ಕಡ್ಡಿಗಳನ್ನು ಕೊಟ್ಟಿದ್ದೇನೆ. ಹೊರಗಿನ ಪೆಟ್ಟಿಗೆ ಇನ್ನೂ ಆಗಬೇಕು; ಒಳ ಅಳತೆ 232 × 156 × 66 ಮಿ.ಮೀ. ಎಂದು ಗುರುತು ಹಾಕಿ, 2 ಮಿ.ಮೀ. ರಟ್ಟು ತಂದಿಟ್ಟಿದ್ದೇನೆ. ಅನಂತರ ಅಜ್ಜಿಯ ಸಂಗೀತ ಪುಸ್ತಕದ, ಅಂದರೆ ಪ್ರಾರ್ಥನೆಯ ಹಾಡುಗಳ ಪುಸ್ತಕದ, ಸರದಿ. ಹಾರ್ಮೋನಿಯಂ ಇಲ್ಲದ ಮನೆಗಳ ಪ್ರಾರ್ಥನಾ ಕೂಟಗಳಲ್ಲಿ ಮೊದಲ ಸಾಲು ಎತ್ತಿಕೊಡುತ್ತಿದ್ದವರು ಅವರೇ ಆದ್ದರಿಂದ ಆ ಪುಸ್ತಕ ಇದಕ್ಕಿಂತ ಹೆಚ್ಚು ಸವೆದಿದೆ. ಅದರ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಹೊಲಿಗೆಗೆ ಮೊದಲು ಪ್ರತಿ ಹಾಳೆಗೂ ತೆಳು ಕಾಗದದ ಆಸರೆ ಕೊಡಬೇಕಾದೀತು. ಜಪಾನಿ ಕಾಗದದ ಮುಂದಿನ ಖರೀದಿಯನ್ನು ಆ ಲೆಕ್ಕಕ್ಕೆ ಮಾಡುತ್ತಿದ್ದೇನೆ.